ಏಳು ಸಾಲಿನ ಪ್ರಮಾಣ

"ನೀವು ಓದೋದೇ ಬೇಡ ಕಮಾಂಡರ್, ಸುಮ್ನೆ ತುಟಿ ಆಡಿಸಿ. ಉಳಿದವರ ದನೀಲಿ ನಿಮ್ಮದೂ ಸೇರಿಹೋಗುತ್ತೆ" ಎಂದು ಡಾಕ್ಟರ್ ಅಡೆಲಿನೊ ಹೇಳಿದಾಗ, ಮಾರನೆಯ ದಿನ ಮಂತ್ರಿಗಳಾಗಲಿದ್ದ ಹನ್ನೊಂದು ಮಂದಿ ನಕ್ಕರು. ಹನ್ನೆರಡನೆಯವನು ಕೊಸ್ಮೆ. ಏಳು ಸಾಲಿನ ಹಾಳೆಯ ಮೇಲೆ ಅವನ ಬೆರಳು ಮೂರನೆಯ ಸಾಲಿನಲ್ಲಿ ನಿಂತುಬಿಟ್ಟಿತ್ತು. ನಕ್ಕವರಲ್ಲಿ ಕಾಡಿನಲ್ಲಿದ್ದು ಹೋರಾಡಿದವರು ಇಬ್ಬರೇ ಇಬ್ಬರು. ಅವರೂ ನಕ್ಕರು.

ಆಗಷ್ಟೇ ಸ್ವತಂತ್ರವಾದ ಪುಟ್ಟ ದೇಶದ ರಾಜಧಾನಿ ಡಿಲಿಯ ಆ ಸಭಾಂಗಣಕ್ಕೆ ಇನ್ನೂ ಪೂರ್ತಿ ತಗಡು ಹೊದಿಸಿರಲಿಲ್ಲ. ಇಂಡೊನೇಷ್ಯಾದ ಸೈನ್ಯ ಹೊರಟುಹೋಗುವಾಗ ಹಚ್ಚಿದ ಬೆಂಕಿಯ ಮಸಿ ಹೊಸ ಸುಣ್ಣದ ಹಿಂದಿನಿಂದ ಇಣುಕುತ್ತಿತ್ತು. ಪ್ರಮಾಣ ಅದಕ್ಕೂ ಹಿಂದೆ ಆಳಿದ್ದವರ ಭಾಷೆ ಪೋರ್ಚುಗೀಸಿನಲ್ಲಿ. ಇಪ್ಪತ್ತನಾಲ್ಕು ವರ್ಷ ಲಿಸ್ಬನ್ನಿನಲ್ಲಿ ಇದ್ದು ಬಂದವರಿಗೆ ಅದು ಬಾಯಿಗೆ ಅನ್ನ ಹೋದಷ್ಟು ಸಲೀಸು. ಅದೇ ಇಪ್ಪತ್ತನಾಲ್ಕು ವರ್ಷ ಕೊಸ್ಮೆ ಬಂದೂಕು ಹಿಡಿದು ಬೆಟ್ಟದಲ್ಲಿದ್ದ. ಅವನು ಶಾಲೆ ಬಿಟ್ಟಿದ್ದು ಎರಡನೆಯ ತರಗತಿಯಲ್ಲಿ. ಬಂದೂಕಿನ ಮೇಲಿನ ನಂಬರು ಓದಲು ಅಷ್ಟು ಓದು ಸಾಕಾಗಿತ್ತು.

ಇದನ್ನು ನಮ್ಮ ಟೇಟುಮ್ ಭಾಷೆಯಲ್ಲಿ ಹೇಳಬಹುದಾ ಎಂದು ಅವನು ಕೇಳಿದ. ಆ ಭಾಷೆಯಲ್ಲಿ ಪ್ರಮಾಣವನ್ನು ಯಾರೂ ಬರೆದೇ ಇಲ್ಲ ಎಂದ ಅಡೆಲಿನೊ. ಹೊಸ ಸರ್ಕಾರದ ರೀತಿ ರಿವಾಜುಗಳೆಲ್ಲ ಅವನ ಕೈಯಲ್ಲಿದ್ದವು. ಹಾಗಾದರೆ ಅರ್ಥವನ್ನಾದರೂ ತಿಳಿಸಿ ಎಂದ ಕೊಸ್ಮೆ.

"ಅರ್ಥ ತಗೊಂಡು ಏನ್ಮಾಡ್ತೀರಿ? ಹೇಳೋದು ಹೇಳಿ, ಸಹಿ ಹಾಕಿ, ಕಾರು ಹತ್ತಿ."

"ನಮ್ಮ ಕಡೆ ಆಣೆ ಅಂದ್ರೆ ಕುಡಿಯೋದು ಡಾಕ್ಟ್ರೇ. ತಾಳೆ ಹೆಂಡಕ್ಕೆ ಎಲ್ಲರ ರಕ್ತ ಬೆರೆಸಿ ಕುಡೀತೀವಿ. ಮಾತು ತಪ್ಪಿದವನನ್ನ ಅದು ಹೊಟ್ಟೆ ಒಳಗಿಂದ ತಿನ್ನುತ್ತೆ. ಏನು ಕುಡೀತಿದೀನಿ ಅಂತ ಗೊತ್ತಿರಬೇಕಲ್ವಾ?"

"ಅದನ್ನೆಲ್ಲ ಬೆಟ್ಟದಲ್ಲೇ ಇಟ್ಕೊಳ್ಳಿ. ನಾಳೆ ಟೀವಿಯವರು ಬರ್ತಾರೆ."

ಎದ್ದು ಬರಬಹುದಿತ್ತು. ಆದರೆ ಕೊಸ್ಮೆ ಮೊದಲೇ ಒಂದು ಆಣೆಗೆ ಕಟ್ಟುಬಿದ್ದವನು. ಬೆಟ್ಟದ ಗುಹೆಯೊಂದರಲ್ಲಿ ನಲವತ್ತು ಜನ ಒಂದೇ ಚಿಪ್ಪಿನಿಂದ ಕುಡಿದಿದ್ದರು: ಉಳಿದವನು ಸತ್ತವನ ಮನೆಯನ್ನು ನೋಡಿಕೊಳ್ಳಬೇಕು. ಮೂವತ್ತೊಂದು ಜನ ಸತ್ತರು. ಹಳೆಯ ಹೋರಾಟಗಾರರ ಖಾತೆ ಅವನು ಒಪ್ಪಿಕೊಂಡದ್ದು ಆ ಮೂವತ್ತೊಂದು ಮನೆಗಳಿಗಾಗಿ. ಅವನು ಬಿಟ್ಟರೆ ಅದು ಒಂದು ಗೋರಿಯ ದಾರಿಯೂ ಗೊತ್ತಿಲ್ಲದ ಯಾವನಿಗೋ ಹೋಗುತ್ತಿತ್ತು. ಹಾಗಾಗಿ ಅವಮಾನವನ್ನು ನುಂಗಿಕೊಂಡ. ಮಧ್ಯಾಹ್ನವೆಲ್ಲ ಚರ್ಚಿನ ಹಿತ್ತಲಲ್ಲಿ ಮುದಿ ಸನ್ಯಾಸಿನಿಯೊಬ್ಬಳ ಎದುರು ಕೂತು, ಗಿಳಿಪಾಠದ ಹಾಗೆ ಏಳೂ ಸಾಲು ಕಲಿತ. ಅರ್ಥ ಕೇಳಿದರೆ ಅವಳು, ನನಗೆ ದೇವರ ಪೋರ್ಚುಗೀಸ್ ಅಷ್ಟೇ ಗೊತ್ತು ಮಗನೇ, ಸರ್ಕಾರದ್ದು ಬರಲ್ಲ ಎಂದಳು.

ಮಾರನೆಯ ದಿನ ಬಾವುಟದ ಕೆಳಗೆ ಹನ್ನೆರಡು ಬಲಗೈಗಳು ಎದ್ದವು. ಮೊದಲನೆಯ ಸಾಲನ್ನು ಕೊಸ್ಮೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ. ಎರಡನೆಯದನ್ನೂ ಹೇಳಿದ. ಮೂರನೆಯದು ಬಾಯಿಪಾಠವಾಗಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ, ಇದರೊಳಗೆ ಏನಿದೆಯೋ ಎನಿಸಿತು. ಆದದ್ದನ್ನೆಲ್ಲ ಮರೆತೆವು ಎಂದಿದೆಯೋ, ಸತ್ತವರ ಮಾತು ಇನ್ನು ಎತ್ತುವುದಿಲ್ಲ ಎಂದಿದೆಯೋ. ಗೊತ್ತಿಲ್ಲದ್ದನ್ನು ಹೇಗೆ ಕುಡಿಯುವುದು? ಅವನು ದನಿ ನಿಲ್ಲಿಸಿದ. ಉಳಿದ ಐದು ಸಾಲಿಗೂ ಬರೀ ತುಟಿ ಆಡಿತು. ಯಾರಿಗೂ ಗೊತ್ತಾಗಲಿಲ್ಲ. ಮೂಲೆಯಲ್ಲಿದ್ದ ಅಡೆಲಿನೊ ಮಾತ್ರ, ಹೇಳಿದ ಮಾತು ಕೇಳಿದ ಕೂಸನ್ನು ನೋಡುವಂತೆ ನೋಡಿ ಮೆಚ್ಚಿ ತಲೆಯಾಡಿಸಿದ.

ಹೊರಗೆ ಬುಯಿಮಾಲಿ ಅಜ್ಜಿ ಕಾಯುತ್ತಿದ್ದಳು. ಆತ್ಸಾಬೆಯ ಗುಡ್ಡದಿಂದ ಕಾಫಿ ಮೂಟೆಯ ಲಾರಿಯಲ್ಲಿ ಎರಡು ದಿನ ಕೂತು ಬಂದಿದ್ದಳು. ಆ ಮೂವತ್ತೊಂದರಲ್ಲಿ ಇಬ್ಬರು ಅವಳ ಮಕ್ಕಳು. ತಾನೇ ನೇಯ್ದ ಪಟ್ಟೆ ಶಾಲನ್ನು ಅವನ ಹೆಗಲಿಗೆ ಹಾಕಿ, ಮಡಿಕೆ ಸರಿಮಾಡಿ, ಕೋಟು ಚೆನ್ನಾಗಿದೆ, ಆದರೆ ಒಳಗೆ ನೀನು ಬಡಕಲಾಗಿದ್ದೀಯ ಎಂದು ಬೈದಳು. ಅವರ ಕಡೆ ಬದುಕಿರುವವರು ಕೊಟ್ಟ ಮಾತನ್ನು ಗೋರಿಗೆ ಹೋಗಿ ತಿಳಿಸಬೇಕು. ತಿಳಿಸದಿದ್ದರೆ ಸತ್ತವರಿಗೆ ಯುದ್ಧ ಮುಗಿದದ್ದೇ ಗೊತ್ತಾಗುವುದಿಲ್ಲ, ಕಾವಲಿಗೆ ನಿಂತವರು ನಿಂತೇ ಇರುತ್ತಾರೆ.

"ನಾನು ಹಿಂದೆಲ್ಲೋ ನಿಂತಿದ್ದೆ ಮಗಾ, ಏನೂ ಕೇಳಿಸ್ಲಿಲ್ಲ. ಕೇಳಿಸಿದ್ರೂ ಆ ಭಾಷೆ ನಂಗೆಲ್ಲಿ ಬರಬೇಕು" ಎಂದಳು. "ಊರಿಗೆ ಹೋದ ತಕ್ಷಣ ಗೋರಿಕಲ್ಲಿನ ಮೇಲೆ ವೀಳ್ಯ ಇಟ್ಟು ಇಬ್ಬರಿಗೂ ಹೇಳ್ಬೇಕು. ಇವತ್ತು ಏನಂತ ಮಾತು ಕೊಟ್ಟೆ? ಅಷ್ಟು ಹೇಳು, ಸಾಕು."

ಗದ್ದಲದಲ್ಲಿ ಒಂದು ಪದವೂ ತಪ್ಪಬಾರದೆಂದು ಅವಳು ಕಿವಿಗೆ ಅಂಗೈ ಆನಿಸಿ, ಹತ್ತಿರ ಬಂದು ನಿಂತಳು. ಫೋಟೊಗೆ ಬನ್ನಿ ಎಂದು ಒಳಗಿನಿಂದ ಯಾರೋ ಕರೆಯುತ್ತಿದ್ದರು. ಕೊಡದೇ ಹೋದ ಮಾತನ್ನು ಸತ್ತವರಿಗೆ ಏನೆಂದು ಹೇಳಿ ಕಳಿಸುವುದು? ಕೊಸ್ಮೆ ಆ ಕೈಯನ್ನು ಹಿಡಿದು ಕಿವಿಯಿಂದ ಮೆಲ್ಲಗೆ ಕೆಳಗಿಳಿಸಿದ. ಆಮೇಲೆ ತಿರುಗಿ, ಫೋಟೊಗೂ ಹೋಗದೆ, ಸಾಲಾಗಿ ನಿಂತಿದ್ದ ಮಂತ್ರಿಗಳ ಕಾರುಗಳನ್ನು ದಾಟಿಕೊಂಡು ನಡೆದುಹೋದ.