ಆಟ ನೋಡುತ್ತ ಕೊಟ್ಟ ತೀರ್ಪು

ಟಿವಿಯಲ್ಲಿ ಪಂದ್ಯ ಶುರುವಾಗುವ ಮೊದಲೇ ಅಡುಗೆಮನೆಯಲ್ಲಿ ಅಕ್ಕನನ್ನು ತಮ್ಮ ಅಡ್ಡಗಟ್ಟಿದ. "ಅಕ್ಕಾ, ಇವತ್ತು ಅಪ್ಪನ್ನ ಗೆಲ್ಲಿಸಿಬಿಡು. ನಾನು ಇನ್ನೊಂದು ವರ್ಷ ಕಾಯ್ತೀನಿ."

"ಆಟಕ್ಕೆ ಮುಂಚೆ ರೆಫರಿ ಹತ್ರ ಗುಟ್ಟು ಮಾತಾಡೋ ಹಾಗಿಲ್ಲ," ಎಂದಳು ಅಕ್ಕ. ಫುಟ್ಬಾಲ್ ಮೈದಾನದಲ್ಲಿ ಸೀಟಿ ಊದಿಯೇ ಕೂದಲು ನೆರೆಸಿಕೊಂಡವಳು. ಊರ ಪಂದ್ಯವೊಂದರಲ್ಲಿ ಇದೇ ತಮ್ಮನಿಗೆ ಕೆಂಪು ಕಾರ್ಡ್ ತೋರಿಸಿ ಹೊರಗಟ್ಟಿದ್ದಳು. ಇಂಥವಳನ್ನು ಕಂಡು ಹೆದರಬೇಕೋ ಹೆಮ್ಮೆಪಡಬೇಕೋ ಮನೆಯವರಿಗೆ ಇನ್ನೂ ತಿಳಿದಿಲ್ಲ.

ವಿಷಯ ಇಷ್ಟೇ. ಮನೆಯ ಬಿಳಿ ವೈನನ್ನು ಅಪ್ಪ ಜೀವಮಾನವಿಡೀ ಮಾಡಿದವರು. ಕಳೆದ ವರ್ಷ ಮೊದಲ ಬಾರಿಗೆ ಮಗನಿಗೆ ಬಿಟ್ಟುಕೊಟ್ಟರು. ಸುತ್ತಲಿನ ತೋಟಗಳೆಲ್ಲ ದ್ರಾಕ್ಷಿ ಕೊಯ್ದು ಮುಗಿಸಿದರೂ ಮಗ ಹಣ್ಣು ಇನ್ನೂ ಮಾಗಲೆಂದು ಕಾಯುತ್ತ ಕೂತ. ಎಲ್ಲ ಕೊಳೆತುಹೋಗುತ್ತದೆಂದು ಅಪ್ಪ ಸೂರು ಹಾರುವಂತೆ ಕೂಗಾಡಿದರು. ಈಗ ಮೇಜಿನ ಮೇಲೆ ಮೂರು ಲೋಟ: ಬೇರೆ ಬೇರೆ ವರ್ಷದ ಅಪ್ಪನವು ಎರಡು, ಮಗನದೊಂದು. ಅಕ್ಕನ ತೀರ್ಪಿನಲ್ಲಿ ಮಗನದು ಮೇಲಾದರೆ ವೈನ್ ಮಾಡುವ ನೆಲಮಾಳಿಗೆಯ ಕೀಲಿಕೈ ಅವನಿಗೆ. ಇಲ್ಲವಾದರೆ ಅಪ್ಪನ ಜೇಬಿನಲ್ಲೇ.

ಅಕ್ಕ ಟಿವಿಯ ಮುಂದೆ ಕೂತಳು. ನಾಲಿಗೆ ನಿಜ ಹೇಳಬೇಕಾದರೆ ಕಣ್ಣಿಗೆ ಬೇರೆ ಕೆಲಸ ಕೊಡಬೇಕೆಂಬುದು ಅವಳ ಲೆಕ್ಕ. ಯಾವ ಲೋಟ ಯಾರದೆಂದು ಯಾರೂ ಮುಚ್ಚಿಡಲಿಲ್ಲ. ಮುಚ್ಚಿಟ್ಟು ಪ್ರಯೋಜನವೂ ಇಲ್ಲ, ಅಪ್ಪನ ಕೈರುಚಿಯನ್ನು ಅವಳು ಒಂದೇ ಗುಟುಕಿಗೆ ಗುರುತು ಹಿಡಿಯುತ್ತಾಳೆ.

"ಇದು ಆ ಬಿಸಿಲಿನ ವರ್ಷದ್ದು. ಮೈತುಂಬಿಕೊಂಡಿದೆ, ಬೇಗ ದಣಿಯುತ್ತೆ." ಎರಡನೆಯದನ್ನು ಹೀರಿದಳು. "ಇದು ಮಳೆ ವರ್ಷದ್ದು. ಚೆನ್ನಾಗಿ ಓಡುತ್ತೆ, ಗೋಲ್ ಹೊಡೆಯಲ್ಲ."

ಅಪ್ಪ ಮೂರನೆಯ ಲೋಟವನ್ನು ತಾವೇ ಅವಳ ಮುಂದೆ ಸರಿಸಿದರು.

ಮೂರನೆಯ ಲೋಟ ತುಟಿಗೆ ಹೋದಾಗಲೇ ಟಿವಿಯಲ್ಲಿ ಗೋಲ್ ಬಿತ್ತು. ಬೀದಿಗೆ ಬೀದಿಯೇ ಕೇಕೆ ಹಾಕಿತು. ಅಕ್ಕ ಮಾತ್ರ ಕಣ್ಣು ಮುಚ್ಚಿ ಇನ್ನೊಂದು ಗುಟುಕು ಹೀರಿದಳು, ಮತ್ತೊಂದು. ಆಮೇಲೆ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಅವಳು ಹುಟ್ಟಿ ಬೆಳೆದದ್ದೇ ಅಪ್ಪನ ವೈನಿನ ವಾಸನೆಯಲ್ಲಿ. ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನೀವು ಸೋತ್ರಿ."

ತಮ್ಮನ ತಲೆ ತಗ್ಗಿಯೇ ಇತ್ತು. ಅಪ್ಪ ಮಗನ ವೈನನ್ನು ತೆಗೆದುಕೊಂಡು, ಬಾಯಲ್ಲಿ ಆಡಿಸಿ, ಲೋಟದ ತಳ ಕಾಣುವವರೆಗೆ ಕುಡಿದರು. ಪಂದ್ಯ ಏನಾಯಿತೆಂದು ಮೂವರೂ ನೋಡಲಿಲ್ಲ. ಕೊನೆಗೆ ಅಪ್ಪ ಜೇಬಿನಿಂದ ಕೀಲಿಕೈ ತೆಗೆದು ಮಗನ ಮುಂದಿಟ್ಟು, ಖಾಲಿ ಲೋಟ ಚಾಚಿದರು.

"ಇನ್ನೊಂಚೂರು ಹಾಕೋ. ಸೋತವರಿಗೆ ಬಾಯಾರಿಕೆ ಜಾಸ್ತಿ."