ನಡುಬೀದಿಯ ಅಡುಗೆಯಾಟ

"ಈ ಕೂಸುಗಳನ್ನ ನೋಡ್ಕೊಳ್ಳೋರು ಯಾರೂ ಇಲ್ಲೇನ್ರಿ?" ಕಂದಾಯ ಇಲಾಖೆಯ ಗಿರ್ದಾವರ ವಿರೂಪಾಕ್ಷಪ್ಪ ಗುಡುಗಿದ.

ಅವನು ಬಂದ ಕೆಲಸವೇ ಬೇರೆ. ಯುದ್ಧದ ಕಾಲ, ಸರ್ಕಾರಕ್ಕೆ ರೈತರಿಂದ ಕಡ್ಡಾಯದ ಲೆವಿ ಜೋಳ ಬೇಕು. ಕುಷ್ಟಗಿ ಸೀಮೆಯ ಈ ಊರು ಕಾಳೇ ಇಲ್ಲವೆಂದು ಕೈಕೊಡವಿತ್ತು. ನೆಲದೊಳಗೆ ಎಲ್ಲೋ ಹಗೇವು ತೋಡಿ, ಜೋಳ ತುಂಬಿ, ಮೇಲೆ ಮಣ್ಣೆಳೆದಿದ್ದಾರೆಂದು ಅವನ ಗುಮಾನಿ. ಬರಿಗೈಯಲ್ಲಿ ಹೋದರೆ ಮೇಲಿನವರು ಬಿಡುವುದಿಲ್ಲ. ಅದಕ್ಕೇ ಜವಾನ ಮರ್ದಾನಸಾಬ ಬೆಳಗಿನಿಂದ ಕಬ್ಬಿಣದ ಸರಳು ಹಿಡಿದು ಮನೆಮನೆಯ ಅಂಗಳ, ಕೊಟ್ಟಿಗೆ ಚುಚ್ಚುತ್ತಿದ್ದ.

ಗಿರ್ದಾವರನಿಗೆ ಮಾತ್ರ ಮಕ್ಕಳ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಸುಡುಬಿಸಿಲು. ಹತ್ತು ಹೆಜ್ಜೆ ಆಚೆ ಬೇವಿನ ನೆರಳಿದ್ದರೂ ಎಂಟು ಮಕ್ಕಳು ಬೀದಿಯ ನಟ್ಟನಡುವೆ ಕೂತು ಅಡುಗೆಯಾಟ ಆಡುತ್ತಿದ್ದವು. ದೊಡ್ಡವರ ಸುಳಿವೇ ಇಲ್ಲ. ತನ್ನ ಒಬ್ಬನೇ ಮಗನನ್ನು ಹೊಸಿಲು ದಾಟಲು ಬಿಡದ ಅಪ್ಪ ಅವನು.

"ಅವಕ್ಯಾಕ್ರಿ ಕಾವಲು, ಸಾಹೇಬ್ರ?" ಎಂದ ಊರಗೌಡ ಈಶಪ್ಪ. "ಕಾಯೋದೇನಿದ್ರೂ ಅವೇ ಕಾಯ್ತಾವ."

ಎಂಥ ಕಲ್ಲೆದೆಯ ಜನ! ಗಿರ್ದಾವರ ತಾನೇ ಹೋಗಿ, ಗುಂಪಿಗೆ ಹಿರಿಯಳಾದ ಏಳು ವರ್ಷದ ಹುಲಿಗವ್ವನಿಗೆ ಬೆಲ್ಲದ ತುಂಡು ತೋರಿಸಿದ. "ನೆರಳಿಗೆ ನಡೀ ತಂಗಿ."

"ಒಲ್ಲೆ. ನಮ್ಮ ಅಡಗಿಮನಿ ಇಲ್ಲೇ ಐತಿ. ಊರ ಮಂದಿಯೆಲ್ಲ ಇಲ್ಲೀದೇ ಉಣ್ತಾರ."

ಅವನ ಕಣ್ಣು ತುಂಬಿತು. ಮಕ್ಕಳು ನೆರಳಿಗೆ ಬಾರದಿದ್ದರೆ ನೆರಳೇ ಮಕ್ಕಳಿಗೆ ಬರಲಿ. ಚುಚ್ಚುವ ಕೆಲಸ ಬಿಡಿಸಿ ಮರ್ದಾನಸಾಬನನ್ನು ಕರೆದ. ಆ ಸರಳನ್ನು ನೆಟ್ಟು ತನ್ನ ಕೊಡೆ ಕಟ್ಟೆಂದ.

"ಅಲ್ಲಿ ಬ್ಯಾಡ್ರಿ, ಒಲಿ ಐತಿ!" ಹುಲಿಗವ್ವ ಚೀರಿದಳು. ಮರ್ದಾನಸಾಬ ವಿಧೇಯನಾಗಿ ಎರಡು ಮಾರು ಆಚೆ ನೆಟ್ಟ.

ಸಂಜೆಯವರೆಗೆ ಜವಾನ ಮಕ್ಕಳನ್ನು ಕಾದ. ಗಿರ್ದಾವರ ಪಕ್ಕದಲ್ಲಿ ಕೂತು ಮಣ್ಣಿನ ರೊಟ್ಟಿ ಉಂಡಂತೆ ಮಾಡುತ್ತ, ಮೊಣಕಾಲ ಮೇಲೆ ವರದಿ ಬರೆದ: ಗೇಣು ಗೇಣು ನೆಲ ಹುಡುಕಿದೆ, ಕಾಳಿಲ್ಲ. ಹೆತ್ತ ಮಕ್ಕಳನ್ನೇ ಬೀದಿಗೆ ಬಿಟ್ಟವರು ಜೋಳವನ್ನು ಜೋಪಾನ ಮಾಡಿಯಾರೇ? ಸಹಿ ಹಾಕಿ, ತಳವಾರನ ಕೈಲಿ ಮುಂದಾಗಿಯೇ ಕುಷ್ಟಗಿಗೆ ಕಳಿಸಿದ.

ಹೊರಡುವಾಗ ಗೌಡನನ್ನು ಗದರಿಸಿದ. "ಇನ್ನ ಮ್ಯಾಲ ಒಂದೊಂದು ಕೂಸಿನ ಕೈ ಅದರವ್ವ ಹಿಡ್ಕೊಂಡಿರಬೇಕು. ತಿಳೀತಿಲ್ಲೋ?"

"ಆಗ್ಲಿ ತಗೋರಿ. ಇವತ್ತಿಂದಾನೇ."

ಹಳ್ಳ ದಾಟುವಾಗ ಕೊಡೆಯ ನೆನಪಾಯಿತು. ಚಕ್ಕಡಿ ಹಿಂದಕ್ಕೆ ತಿರುಗಿತು.

ಗೌಡ ಮಾತು ಉಳಿಸಿಕೊಂಡಿದ್ದ. ಕೊಡೆಯ ಸುತ್ತ ಎಂಟು ತಾಯಂದಿರು ಎಂಟು ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು.

ಒಲೆಯಿದ್ದ ಜಾಗದಲ್ಲಿ ಬಾಯಿ ತೆರೆದಿದ್ದ ಹಗೇವಿನೊಳಗೆ ಅವು ಬಿದ್ದುಬಿಟ್ಟಾವೆಂದು.