ಬಾಡಿಗೆಮನೆಯ ಗೋಡೆ

"ಯಾರನ್ನ ಕೇಳಿ ಗೋಡೆ ಒಡೆದೆ? ಇವತ್ತೇ ಮನೆ ಖಾಲಿ ಮಾಡು!" ಬಾಡಿಗೆಮನೆಯ ಕೋಣೆಯ ಗೋಡೆಯಲ್ಲಿ ಹೊಸದಾಗಿ ಬಿದ್ದ ತೂತು ಕಂಡು ಮನೆಯ ಯಜಮಾನ ಮರುಳಸಿದ್ದಯ್ಯ ಕೂಗಿದರು. ಹಿಂದೆ ಬಾಡಿಗೆಗಿದ್ದವರು ಹಿತ್ತಲ ಬಾಗಿಲನ್ನೇ ಕಿತ್ತು ಒಯ್ದಿದ್ದರು. ಈಗ ಇದು!

ರಂಗಕ್ಕ ಕೈಯಲ್ಲಿ ಹಾರೆ ಹಿಡಿದೇ ತಲೆ ತಗ್ಗಿಸಿದಳು. "ತಪ್ಪಾಯ್ತು ಕಣ್ರೀ. ಕೇಳಿದ್ರೆ ಬ್ಯಾಡ ಅಂತಿದ್ರಿ. ಲಕ್ವ ಹೊಡೆದಾಗಿಂದ ನಮ್ಮತ್ತೆ ಈ ಕತ್ತಲಲ್ಲೇ ಅವ್ರೆ."

ಮರುಳಸಿದ್ದಯ್ಯ ತಿರುಗಿ ನೋಡಿದರು. ಚಾಪೆಯ ಮೇಲಿದ್ದ ಮುದುಕಿ ಬೆಳಕಿನ ಕಡೆಗೆ ಕುತ್ತಿಗೆ ಚಾಚಿದ್ದಳು. "ಆ ತೆಂಗಿನಮರ ನಿಮ್ದೇನಪ್ಪಾ? ಗರಿ ಮಾತ್ರ ಕಾಣ್ತದೆ. ಕಾಯಿ ಬಿಟ್ಟದಾ?"

ಮರುಳಸಿದ್ದಯ್ಯ ಚಾಪೆಯ ಪಕ್ಕ ಕುಕ್ಕರಿಸಿ ತೂತಿನತ್ತ ನೋಡಿದರು. "ಬಿಟ್ಟದೆ ಕಣವ್ವ, ಗೊನೆ ತುಂಬ." ಪಂಚೆ ಎತ್ತಿ ಕಟ್ಟಿ, ರಂಗಕ್ಕನ ಕೈಯಿಂದ ಹಾರೆ ತೆಗೆದುಕೊಂಡರು. "ಇಷ್ಟು ಎತ್ತರಕ್ಕೆ ಒಡೆದ್ರೆ ಅವರಿಗೇನು ಕಂಡೀತು? ಸರಿ ಪಕ್ಕಕ್ಕೆ. ಇನ್ನೊಂಚೂರು ಕೆಳಕ್ಕೆ ಇಳಿಸ್ತೀನಿ."